ಸಹಾಯ ಬೇಕು: ಚೆಕ್ ಕೊಡದ ಮೊದಲ ನಡೆಯನ್ನು ಹುಡುಕುವ ಕ್ರಮ ಯಾವುದು?

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥ್ರೂಡ್‌ನಲ್ಲಿರುವ ನಾನು ಮಗಳೊಂದಿಗೆ ಚದುರಂಗದ ‘ಎರಡು ನಡೆಗಳಲ್ಲಿ ಮೇಟ್’ (ಎರಡೇ ನಡೆಗಳಲ್ಲಿ ಎದುರಾಳಿ ರಾಜನನ್ನು ತಪ್ಪಿಸಿಕೊಳ್ಳಲಾಗದಂತೆ ಹಿಡಿಯುವ) ಬಗೆಯ ಸಮಸ್ಯೆಗಳನ್ನು ಬಿಡಿಸುತ್ತಿದ್ದೇನೆ. ಮೊದಲು ಚೆಕ್‌ಗಳು (ರಾಜನ ಮೇಲೆ ನೇರ ದಾಳಿ ಮಾಡುವ ನಡೆಗಳು), ನಂತರ ಕಾಯಿ ಹೊಡೆಯುವ ನಡೆಗಳು, ಕೊನೆಗೆ ಬೆದರಿಕೆಗಳು ಎಂಬ ಪರಿಚಿತ ಕ್ರಮವನ್ನೇ ಅನುಸರಿಸುತ್ತೇವೆ. ಪ್ರತಿ ನಡೆಯೂ ಚೆಕ್ ಆಗಿರುವ ಸಮಸ್ಯೆಗಳಲ್ಲಿ, ಎದುರಾಳಿಯ ಉತ್ತರಗಳು ಬೆರಳೆಣಿಕೆಯಷ್ಟೇ ಇರುವುದರಿಂದ, ಈ ಕ್ರಮ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ತೊಡಕಿರುವುದು ಮೊದಲ ನಡೆ ಚೆಕ್ ಅಲ್ಲದಿದ್ದಾಗ. ಉದಾಹರಣೆಗೆ, ಬಿಳಿಯ ರಾಜ ಎಫ್6ರಲ್ಲಿ (ಅಕ್ಷರ ಹಲಗೆಯ ಉದ್ದಸಾಲನ್ನೂ ಅಂಕಿ ಅಡ್ಡಸಾಲನ್ನೂ ಸೂಚಿಸುತ್ತದೆ), ಆನೆ ಜಿ1ರಲ್ಲಿ, ಕಪ್ಪು ರಾಜ ಒಂಟಿಯಾಗಿ ಎಚ್8ರಲ್ಲಿದ್ದು, ಸರದಿ ಬಿಳಿಯದು. ಆನೆಯನ್ನು ಎಚ್1ಕ್ಕೆ ತಂದು ಚೆಕ್ ಕೊಟ್ಟರೆ ಕಪ್ಪು ರಾಜ ಜಿ8ಕ್ಕೆ ಜಾರಿಕೊಳ್ಳುತ್ತಾನೆ. ಆನೆಯನ್ನು ಜಿ8ಕ್ಕೇ ಒಯ್ದರೆ ಅದನ್ನೇ ಹೊಡೆಯುತ್ತಾನೆ. ಬಿಳಿಯ ರಾಜ ಸದ್ದಿಲ್ಲದೆ ಎಫ್7ಕ್ಕೆ ಸರಿದರೆ ಮಾತ್ರ ಕಪ್ಪಿಗೆ ಎಚ್7 ಒಂದೇ ಮನೆ ಉಳಿದು, ಆನೆ ಎಚ್1ಕ್ಕೆ ಬಂದೊಡನೆ ಮೇಟ್ ಆಗುತ್ತದೆ. ನನ್ನ ಮಟ್ಟಿಗೆ ಚದುರಂಗದ ನಿಜವಾದ ಸೊಗಸಿರುವುದು ಇಂಥ ನಡೆಗಳಲ್ಲೇ.

ಮೂರೇ ಕಾಯಿಗಳಿದ್ದಾಗ ಇದು ಕಾಣುತ್ತದೆ. ಹಲಗೆ ತುಂಬಿದ್ದಾಗಲೋ, ಚೆಕ್ ಅಲ್ಲದ ನಡೆಗಳೇ 30ಕ್ಕೂ ಹೆಚ್ಚಿರಬಹುದು. ಎದುರಾಳಿ ರಾಜನ ತಪ್ಪಿಸಿಕೊಳ್ಳುವ ಮನೆಗಳನ್ನು ಕಾಗದದಲ್ಲಿ ಗುರುತಿಸಿಕೊಂಡು ನೋಡಿದೆವು. ಯಾವ ಮನೆಯನ್ನು ಮುಚ್ಚಬೇಕೆಂಬುದು ಅದರಿಂದ ತಿಳಿಯುತ್ತದೆಯೇ ಹೊರತು, ಯಾವ ಕಾಯಿಯಿಂದ ಮುಚ್ಚಬೇಕೆಂಬುದು ತಿಳಿಯುವುದಿಲ್ಲ.

ಆದ್ದರಿಂದ ಅನುಭವಿಗಳಲ್ಲಿ ನನ್ನ ಪ್ರಶ್ನೆ: ಚೆಕ್‌ಗಳೆಲ್ಲ ವಿಫಲವಾದ ಮೇಲೆ, ಕೊನೆಯ ಮೇಟ್ ಚಿತ್ರವನ್ನು ಮೊದಲು ಊಹಿಸಿಕೊಂಡು ಹಿಂದಕ್ಕೆ ಬರಬೇಕೇ, ಅಥವಾ ಒಂದೊಂದೇ ಕಾಯಿಯ ನಡೆಗಳನ್ನು ಮುಂದಕ್ಕೆ ಲೆಕ್ಕ ಹಾಕಬೇಕೇ?