ವೋಚರ್ ಮನೆಯ ಬಾಡಿಗೆ ಕರಾರನ್ನು ಅವಧಿಗೆ ಮುನ್ನ ಮುಗಿಸಬಹುದೇ? (ನ್ಯೂಜೆರ್ಸಿ)

ಪ್ರಶ್ನೆ: ಸಿಯಾಟಲ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯವರಿಗೆ 71 ವರ್ಷ. ಅಮೆರಿಕದ ಪೌರತ್ವ ಪಡೆದಿರುವ ಅವರು ನ್ಯೂಜೆರ್ಸಿಯ ಎಡಿಸನ್ ಬಳಿ ಸೆಕ್ಷನ್ 8 ವೋಚರ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಬಾಡಿಗೆ ನೆರವು) ಮೇಲೆ ಖಾಸಗಿ ಮಾಲೀಕರೊಬ್ಬರ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ವಾಸವಾಗಿದ್ದಾರೆ. ಲೆಕ್ಕಕ್ಕೆ ಹಿಡಿಯುವ ಆದಾಯದಲ್ಲಿ ಸುಮಾರು ಶೇ. 30ರಷ್ಟನ್ನು ಅವರು ಬಾಡಿಗೆಯಾಗಿ ಕೊಡುತ್ತಾರೆ. ಉಳಿದದ್ದನ್ನು ಹೌಸಿಂಗ್ ಅಥಾರಿಟಿ (ಸ್ಥಳೀಯ ಸರ್ಕಾರಿ ವಸತಿ ಕಚೇರಿ) ನೇರವಾಗಿ ಮಾಲೀಕರಿಗೆ ಪಾವತಿಸುತ್ತದೆ. ಈ ಮನೆಗೆ ಇದು ಮೊದಲ ವರ್ಷದ ಕರಾರು, ಮುಂದಿನ ಮಾರ್ಚ್ ಕೊನೆಯವರೆಗೆ ಇದೆ. ಬಿದ್ದು ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಹತ್ತಿಳಿಯುವುದು ಅವರಿಂದ ಆಗುತ್ತಿಲ್ಲ. ನನ್ನ ಅಕ್ಕ ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿದ್ದಾಳೆ. ಅಮ್ಮನನ್ನು ಅವಳ ಹತ್ತಿರ ಇರಿಸಬೇಕೆಂಬುದು ನಮ್ಮೆಲ್ಲರ ಇಚ್ಛೆ. ಆದರೆ ಕಟ್ಟಡದ ಮ್ಯಾನೇಜರ್, ಮಾರ್ಚ್‌ವರೆಗಿನ ಬಾಡಿಗೆಯನ್ನು ಪೂರ್ತಿ ಕಟ್ಟದೆ ಬಿಡಲಾಗದು ಎನ್ನುತ್ತಿದ್ದಾರೆ. ಕರಾರು ಮುರಿದರೆ ವೋಚರ್ ಹೋಗುತ್ತದೆಯೇ? ಆ ವೋಚರನ್ನು ಅಕ್ಕನ ಮನೆಗೇ ಬಳಸಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಿಂದೆ ವಸತಿ ಕಚೇರಿಯಲ್ಲಿ ಕೆಲಸ ಮಾಡಿದವರು

ಮೊದಲಿಗೆ ಒಂದು ಸಮಾಧಾನದ ಸಂಗತಿ: ನಿಮ್ಮ ತಾಯಿಯವರ ಸಹಾಯಧನ ಆ ಕಟ್ಟಡಕ್ಕೆ ಅಂಟಿಕೊಂಡಿಲ್ಲ, ಅವರ ಜೊತೆಯಲ್ಲೇ ಹೋಗಬಲ್ಲದು. ಸಹಾಯಧನ ಕಟ್ಟಡದ್ದೇ ಆಗಿರುವ ಮನೆಗಳೂ ಇವೆ. ಅಲ್ಲಿ ಮನೆ ಬಿಟ್ಟವರು ಸಾಮಾನ್ಯವಾಗಿ ಸಹಾಯಧನವನ್ನೂ ಬಿಟ್ಟಂತೆ.

ಇನ್ನು ಎಚ್ಚರಿಕೆಯ ಮಾತು. ಹೌಸಿಂಗ್ ಅಥಾರಿಟಿಗೂ ಮಾಲೀಕರಿಗೂ ಲಿಖಿತವಾಗಿ ತಿಳಿಸದೆ ಸಾಮಾನು ಸಾಗಿಸಬೇಡಿ. ಬಾಡಿಗೆಯ ಬಾಕಿ ಹೇಗಾದರೂ ತೀರುತ್ತದೆ. ಆದರೆ ಕರಾರನ್ನು ಉಲ್ಲಂಘಿಸಿ ಹೊರಟರೆಂಬ ಕಾರಣಕ್ಕೆ ವೋಚರ್ ರದ್ದಾದರೆ, ಆ ದಾಖಲೆ ಕೇಂದ್ರ ವಸತಿ ಇಲಾಖೆಯ ಗಣಕ ವ್ಯವಸ್ಥೆಯಲ್ಲಿ 10 ವರ್ಷಗಳವರೆಗೂ ಉಳಿಯಬಹುದು, ಮತ್ತು ಬೇರೆ ಊರಿನಲ್ಲಿ ಅರ್ಜಿ ಹಾಕಿದಾಗ ಅಲ್ಲಿನ ಕಚೇರಿಗೆ ಅದು ಕಾಣಿಸುತ್ತದೆ. ವೋಚರಿಗಾಗಿ ಜನ ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ದೇಶವಿದು. ಆದ್ದರಿಂದ ನಾಲ್ಕು ತಿಂಗಳ ಬಾಡಿಗೆಗಿಂತ ವೋಚರಿನ ಚಿಂತೆಯೇ ನಿಮಗೆ ದೊಡ್ಡದಾಗಿರಲಿ.

ಮೊದಲ ವರ್ಷದಲ್ಲಿ ಮನೆ ಬದಲಿಸಲು ಬಿಡಬಾರದೆಂಬ ನಿಯಮವನ್ನು ಕಚೇರಿಗಳು ಮಾಡಿಕೊಳ್ಳಬಹುದು. ಆದರೆ 1973ರ ಪುನರ್ವಸತಿ ಕಾಯ್ದೆಯ ಸೆಕ್ಷನ್ 504ರ ಪ್ರಕಾರ, ಅಂಗವೈಕಲ್ಯವಿರುವವರಿಗೆ ಅಂಥ ನಿಯಮದಿಂದ ಸೂಕ್ತ ವಿನಾಯಿತಿ ಕೋರುವ ಹಕ್ಕಿದೆ. ಮೆಟ್ಟಿಲು ಹತ್ತಲಾಗದೆಂದು ವೈದ್ಯರಿಂದ ಪತ್ರ ಪಡೆದು, ಕೋರಿಕೆಯನ್ನು ಬರವಣಿಗೆಯಲ್ಲೇ ಕೊಡಿ. ಜೊತೆಗೆ, ಕರಾರನ್ನು ಇಂಥ ದಿನದಿಂದ ಪರಸ್ಪರ ಒಪ್ಪಿ ಮುಗಿಸಿದ್ದೇವೆ ಎಂಬ ಪತ್ರಕ್ಕೆ ಮಾಲೀಕರ ಸಹಿ ದೊರೆತರೆ ಉಲ್ಲಂಘನೆಯ ಪ್ರಶ್ನೆಯೇ ಏಳುವುದಿಲ್ಲ. ತಾಯಿಯವರು ಮನೆ ಬಿಟ್ಟ ತಿಂಗಳಿನ ನಂತರ ಕಚೇರಿಯಿಂದ ಮಾಲೀಕರಿಗೆ ಹಣ ಬರುವುದಿಲ್ಲ. ಹೀಗಾಗಿ ಖಾಲಿ ಮನೆಗೆ ಬೇಗ ಹೊಸ ಬಾಡಿಗೆದಾರರನ್ನು ಹುಡುಕುವುದು ಅವರಿಗೂ ಒಳಿತು ಎಂದು ವಿನಯವಾಗಿ ಮನವರಿಕೆ ಮಾಡಿಕೊಡಿ.

ಉತ್ತರ: ಜೆರ್ಸಿ ಸಿಟಿಯಿಂದ

ಮ್ಯಾನೇಜರ್ ಹೇಳಿದ್ದನ್ನೇ ಅಂತಿಮವೆಂದು ನಂಬಬೇಡಿ. ಬಾಡಿಗೆದಾರರು ನಡುವೆ ಹೊರಟರೆ ಮಾಲೀಕರು ಕೈಕಟ್ಟಿ ಕೂರದೆ ಆ ಮನೆಯನ್ನು ಮತ್ತೆ ಬಾಡಿಗೆಗೆ ಕೊಡಲು ಪ್ರಾಮಾಣಿಕ ಪ್ರಯತ್ನ ಮಾಡಲೇಬೇಕೆಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1977ರಲ್ಲಿ, ಸೋಮರ್ ಮತ್ತು ಕ್ರೈಡೆಲ್ ಪ್ರಕರಣದಲ್ಲಿ, ತೀರ್ಪು ನೀಡಿದೆ.

ಅದಕ್ಕಿಂತಲೂ ನೇರವಾಗಿ ನಿಮಗೆ ಅನ್ವಯಿಸಬಹುದಾದ ಕಾನೂನೊಂದು ಈ ರಾಜ್ಯದಲ್ಲಿದೆ. ಅಂಗವೈಕಲ್ಯವುಳ್ಳ ಬಾಡಿಗೆದಾರರಿಗೆ ಮನೆ ಬಳಸಲು ಅನುಕೂಲವಾಗಿಲ್ಲದಿದ್ದು, ಅದನ್ನು ಸರಿಪಡಿಸಿಕೊಡಲು ಕೇಳಿದಾಗ ಮಾಲೀಕರಿಗೆ ಸಾಧ್ಯವಾಗದಿದ್ದರೆ ಅಥವಾ ಮನಸ್ಸಿಲ್ಲದಿದ್ದರೆ, ಕರಾರನ್ನು ಅವಧಿಗೆ ಮುನ್ನವೇ ಮುಗಿಸಬಹುದು. 62 ದಾಟಿದವರಿಗೆ ವೃದ್ಧರ ಆರೈಕೆ ಕೇಂದ್ರದಲ್ಲೋ ಕಡಿಮೆ ಆದಾಯದವರ ವಸತಿಯಲ್ಲೋ ಜಾಗ ಸಿಕ್ಕಿದರೂ ಇದೇ ಅವಕಾಶವಿದೆ. ಲಿಖಿತ ನೋಟಿಸ್ ಮಾಲೀಕರ ಕೈಸೇರಿದ 40ನೆಯ ದಿನಕ್ಕೆ ಕರಾರು ಮುಗಿಯುತ್ತದೆ. ಅಲ್ಲಿಯವರೆಗಿನ ಬಾಡಿಗೆ ಕಟ್ಟಿರಬೇಕು ಮತ್ತು ಆ ದಿನಕ್ಕಿಂತ ಕನಿಷ್ಠ ಐದು ಕೆಲಸದ ದಿನ ಮೊದಲೇ ಮನೆ ಖಾಲಿ ಮಾಡಿ ಕೀಲಿ ಒಪ್ಪಿಸಿರಬೇಕು. ಲಿಫ್ಟ್ ಕಟ್ಟಿಸಿಕೊಡಿ ಎಂದು ಕೇಳುವುದು ನಿಮಗೇ ಸಂಕೋಚವೆನಿಸಬಹುದು, ಆದರೂ ಮನೆಯನ್ನು ಅನುಕೂಲಪಡಿಸಿಕೊಡಲು ಕೋರಿ ಪತ್ರ ಬರೆದು, ಆಗದೆಂಬ ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಮುಂದೆ ವಿವಾದವಾದರೆ ಆ ಪತ್ರವೇ ಆಧಾರ. ನೋಟಿಸನ್ನು ಸರ್ಟಿಫೈಡ್ ಅಂಚೆಯಲ್ಲಿ ಕಳುಹಿಸಿ, ಪ್ರತಿ ಇಟ್ಟುಕೊಳ್ಳಿ. ಕಳುಹಿಸುವ ಮುನ್ನ ನ್ಯೂಜೆರ್ಸಿಯ ಉಚಿತ ಕಾನೂನು ನೆರವಿನವರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಡಿಪಾಸಿಟ್ ಹಣವನ್ನು ಬಡ್ಡಿಸಹಿತ, ಮುರಿದುಕೊಂಡಿದ್ದರೆ ಅದರ ಲೆಕ್ಕಸಹಿತ, 30 ದಿನಗಳೊಳಗೆ ಹಿಂದಿರುಗಿಸಬೇಕು.

ಉತ್ತರ: ರಾಲೀ ಗೃಹಿಣಿ

ಅಕ್ಕನ ಮನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಮಗಳೇ ಮಾಲೀಕಳಾಗಿರುವ ಮನೆಯನ್ನು ವೋಚರ್ ಮೇಲೆ ತಾಯಿಗೆ ಬಾಡಿಗೆಗೆ ಕೊಡಲು ನಿಯಮ ಒಪ್ಪುವುದಿಲ್ಲ. ಅಂಗವೈಕಲ್ಯವಿರುವವರಿಗೆ ಅನುಕೂಲವಾಗುತ್ತದೆಂದು ಕಚೇರಿಗೆ ಮನವರಿಕೆಯಾದರೆ ಮಾತ್ರ ವಿನಾಯಿತಿ ಸಿಗಬಹುದು. ಸುಮ್ಮನೆ ಮಗಳ ಸಂಸಾರದಲ್ಲಿ ಒಬ್ಬರಾಗಿ ಸೇರಿಕೊಂಡರೆ ವೋಚರನ್ನು ಬಿಟ್ಟುಕೊಟ್ಟಂತಾಗುತ್ತದೆ. ಅಕ್ಕನ ಮನೆಯ ಹತ್ತಿರ ನೆಲಮಹಡಿಯ ಪ್ರತ್ಯೇಕ ಮನೆ ಹಿಡಿದರೆ ತಾಯಿಯವರ ಸ್ವಾತಂತ್ರ್ಯವೂ ಉಳಿಯುತ್ತದೆ, ಸಹಾಯಧನವೂ ಉಳಿಯುತ್ತದೆ. ನನ್ನ ಅನಿಸಿಕೆಯಲ್ಲಿ ಅದೇ ಉತ್ತಮ.

ರಾಜ್ಯದಿಂದ ರಾಜ್ಯಕ್ಕೆ ವೋಚರ್ ಒಯ್ಯುವ ವ್ಯವಸ್ಥೆಯನ್ನು ಪೋರ್ಟಬಿಲಿಟಿ ಎನ್ನುತ್ತಾರೆ. ಎಡಿಸನ್ ಕಡೆಯ ಕಚೇರಿ ಕಾಗದಪತ್ರಗಳನ್ನು ಇಲ್ಲಿನ, ಅಂದರೆ ನಾರ್ತ್ ಕೆರೊಲೈನಾದ, ಕಚೇರಿಗೆ ಕಳುಹಿಸುತ್ತದೆ. ಈಗಾಗಲೇ ವೋಚರಿನಲ್ಲಿರುವವರ ಆದಾಯವನ್ನು ಇಲ್ಲಿನ ಮಿತಿಗೆ ಹೋಲಿಸಿ ಮತ್ತೆ ಅರ್ಹತೆ ನೋಡುವುದಿಲ್ಲ. ಆದರೆ ಬಾಡಿಗೆಯ ಮಟ್ಟ, ಕೋಣೆಗಳ ಸಂಖ್ಯೆ ಎಲ್ಲವೂ ಇಲ್ಲಿನ ನಿಯಮದಂತೆಯೇ. ಮನೆ ಹುಡುಕುವ ಗಡುವು ಸಾಲದಾದರೆ ಆರೋಗ್ಯದ ಕಾರಣ ನೀಡಿ ವಿಸ್ತರಣೆ ಕೇಳಬಹುದು.

ಸಿಯಾಟಲ್ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ: ಹಳೆಯ ಮನೆ ಬಿಡುವ ತಿಂಗಳಿನಲ್ಲೇ ಹೊಸ ಮನೆಯ ಕರಾರು ಶುರುವಾದರೆ ತೊಂದರೆಯೇ?

ಹಿಂದೆ ವಸತಿ ಕಚೇರಿಯಲ್ಲಿ ಕೆಲಸ ಮಾಡಿದವರು

ತೊಂದರೆಯಿಲ್ಲ, ಆ ಒಂದು ತಿಂಗಳು ಎರಡೂ ಮನೆಗಳಿಗೆ ಸಹಾಯಧನ ಸಂದರೂ ಅದನ್ನು ಇಮ್ಮಡಿ ಲಾಭವೆಂದು ಎಣಿಸುವುದಿಲ್ಲ. ಆದರೆ ಹೊಸ ಮನೆಯ ತಪಾಸಣೆ ಮುಗಿದು ಅಲ್ಲಿನ ಕಚೇರಿ ಒಪ್ಪಿಗೆ ಕೊಡುವ ಮೊದಲು ತಾಯಿಯವರು ಅಲ್ಲಿ ವಾಸಕ್ಕೆ ಹೋಗದಂತೆ ನೋಡಿಕೊಳ್ಳಿ. ಒಪ್ಪಿಗೆಗೆ ಮುಂಚಿನ ದಿನಗಳ ಬಾಡಿಗೆ ಪೂರ್ತಿ ನಿಮ್ಮ ಮೇಲೆಯೇ ಬೀಳುತ್ತದೆ.