ಸಹಾಯ ಬೇಕು: ಹುಡುಗರ ವಸತಿ ಶಾಲೆ, ಚಳಿಗಾಲದ ಅವಧಿಯ ಸಂಜೆ ಚಟುವಟಿಕೆಗಳು

ಎಲ್ಲರಿಗೂ ನಮಸ್ಕಾರ. 96 ಹುಡುಗರು, ವಯಸ್ಸು 11ರಿಂದ 16. ಬೇಗ ಕತ್ತಲಾಗುವುದರಿಂದ ಐದರ ನಂತರ ಮೈದಾನವಿಲ್ಲ, ಇರುವುದು ಒಂದೇ ಹಾಲ್.

ಚೆಸ್ ಚಿಂತೆಯಿಲ್ಲ: 32 ಜನ, ಸ್ವಿಸ್ ಪದ್ಧತಿ (ಸೋತವರೂ ಹೊರಬೀಳದೆ, ಪ್ರತಿ ಸುತ್ತಿನಲ್ಲಿ ಹೆಚ್ಚುಕಮ್ಮಿ ಸಮ ಅಂಕದವರ ಜೊತೆ ಆಡುತ್ತಾರೆ), ವಾರಕ್ಕೊಂದರಂತೆ ಐದು ಸುತ್ತು. ನಾಕೌಟ್ ಇಟ್ಟರೆ ಮೊದಲ ಸುತ್ತಿಗೇ 16 ಜನ ಕೈಕಟ್ಟಿ ಕೂರುತ್ತಾರೆ, ಆಮೇಲೆ ಗಲಾಟೆ ಶುರು.

ತಲೆನೋವು ಬ್ಯಾಡ್ಮಿಂಟನ್‌ದು. ಒಣ ಚಳಿಗೆ ಶಟಲ್ ಗರಿಗಳು ಪಟಪಟ ಮುರಿಯುತ್ತವೆ. ಡಬ್ಬಿಯೊಳಗೆ ಕುದಿಯುವ ನೀರಿನ ಆವಿ ಕೆಲವು ಸೆಕೆಂಡು ಹಿಡಿಸಿ, ಮುಚ್ಚಿ, ರಾತ್ರಿಯಿಡೀ ಬಿಟ್ಟರೆ ಗರಿ ಮೆತ್ತಗಾಗುತ್ತದೆ. ಹೆಚ್ಚಾದರೆ ಒದ್ದೆಯಾಗಿ ಶಟಲ್ ಭಾರವಾಗುತ್ತದೆ. ತಣ್ಣನೆ ಗಾಳಿ ದಟ್ಟ, ಶಟಲ್ ಹಿಂದಿನ ಗೆರೆ ತಲುಪುವುದಿಲ್ಲ, ಹಾಗಾಗಿ ವೇಗದ ಸಂಖ್ಯೆ 77ರ ಶಟಲ್ ಬದಲು ಹೆಚ್ಚು ವೇಗದ 78 ಬಳಸುವ ಯೋಚನೆ. ಕಲಿಯುವ ಚಿಕ್ಕವರಿಗೆ ಕೆಂಪು ಪಟ್ಟಿಯ (ಅಂದರೆ ವೇಗದ) ನೈಲಾನ್ ಶಟಲ್ ಸಾಕೇ? ಚಳಿಗೆ ಅದರ ಅಂಚು ಸೀಳುತ್ತದೆಯೇ? ಬಳಸಿದವರು ಹೇಳಿ.

ಇನ್ನೊಂದು, ನಾಟಕದ ತಾಲೀಮು. 13.4 x 6.1 ಮೀಟರ್ ಬ್ಯಾಡ್ಮಿಂಟನ್ ಅಂಕಣದ ಪಕ್ಕದಲ್ಲೇ ಮಾತು ಒಪ್ಪಿಸಿದರೆ ಒಂದಕ್ಷರ ಕೇಳದು. ಮೊದಲ ಮೂರು ವಾರ ಮಾತುಗಳನ್ನು ತರಗತಿಯಲ್ಲಿ ಕೂತು ಓದಿಸಿ, ಚಲನೆ ಕಲಿಸಲು ಮಾತ್ರ ಹಾಲ್‌ಗೆ ತಂದರೆ ಸರಿಹೋದೀತೇ? ಅಥವಾ ದಿನ ಬಿಟ್ಟು ದಿನ ಹಾಲ್ ಹಂಚುವುದೇ ವಾಸಿಯೇ?

ಓಟದ ಒದ್ದೆ ಶೂಗಳಿಗೆ ಹಳೇ ಪೇಪರ್ ತುರುಕುತ್ತೇವೆ, ಒಂದು ಗಂಟೆ ಬಿಟ್ಟು ಬದಲಿಸುತ್ತೇವೆ. ಹೀಟರ್ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಿತ್ತುಬರುತ್ತದೆ. ಇಷ್ಟೊಂದು ಜೋಡಿಗೆ ಒಣಗಿಸುವ ಸ್ಟ್ಯಾಂಡ್ ಮಾಡಿಸಿದವರಿದ್ದರೆ ಅಳತೆ, ಫೋಟೋ ಹಾಕಿ ದಯವಿಟ್ಟು.