ಜರ್ಮನಿಯಲ್ಲಿ ಒಂದು ಮನೆಯವರ ಜೊತೆ ಇದ್ದೇನೆ, ಆಂಟಿ ದಿನಾ ಬಂದು ನನ್ನ ರೂಮಿನ ಕಿಟಕಿ ತೆಗೆಯುತ್ತಾರೆ

ನಾಪೋಕ್ಲು ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ. ಒಂದು ಸೆಮಿಸ್ಟರ್ ಓದೋಕೆ ಅಕ್ಟೋಬರಿನಲ್ಲಿ ಜರ್ಮನಿಗೆ ಬಂದೆ, ಬವೇರಿಯಾದ ಒಂದು ಸಣ್ಣ ಊರು. ಹಾಸ್ಟೆಲ್ ಸಿಗಲಿಲ್ಲ, ಹಾಗಾಗಿ ಒಂದು ಮನೆಯಲ್ಲಿ ಅವರ ಜೊತೆಯೇ ಇದ್ದೇನೆ. ಗಂಡ ಹೆಂಡತಿ ಇಬ್ಬರೇ, ಅರವತ್ತು ದಾಟಿದವರು. ಜನ ಒಳ್ಳೆಯವರೇ.

ಆದರೆ ದಿನಾ ಬೆಳಗ್ಗೆ ಆಂಟಿ ಬಾಗಿಲು ತಟ್ಟಿ ಒಳಗೆ ಬರುತ್ತಾರೆ, ಹೀಟರ್ ಆಫ್ ಮಾಡುತ್ತಾರೆ, ಕಿಟಕಿ ಪೂರ್ತಿ ತೆಗೆದು ಹೋಗಿಬಿಡುತ್ತಾರೆ. ಹೊರಗೆ ಎರಡು ಡಿಗ್ರಿ! ನಗುತ್ತಾರೆ, ಆದರೆ ಒಂದು ಮಾತಿಲ್ಲ. ಬಂದ ಮೊದಲ ವಾರ ನಾನು ಈರುಳ್ಳಿ ಹುರಿದು ನಮ್ಮ ಕಡೆಯ ಹುಳಿ ಕಾಚಂಪುಳಿ ಹಾಕಿ ಕೋಳಿ ಸಾರು ಮಾಡಿದ್ದೆ, ಅದಾದ ಮೇಲೇ ಇದು ಶುರುವಾಗಿದ್ದು ಅಂತ ನನ್ನ ಲೆಕ್ಕ. ನನ್ನ ರೂಮು, ಬಟ್ಟೆ ಎಲ್ಲ ಮಸಾಲೆ ವಾಸನೆ ಬರುತ್ತಿದೆಯಾ? ಅವತ್ತಿನಿಂದ ಅಡುಗೆಮನೆಗೆ ಕಾಲಿಟ್ಟಿಲ್ಲ. ರಾತ್ರಿ ಅವರ ಊಟ ಬ್ರೆಡ್ಡು, ಚೀಸು, ಸೌತೆಕಾಯಿ, ಎಲ್ಲ ತಣ್ಣಗೆ. ಮೊನ್ನೆ ಭಾನುವಾರ ಕೇಕ್ ಬೇಕಾ ಅಂದರು, ಸಂಕೋಚಕ್ಕೆ ಸುಮ್ನೆ ಬೇಡ ಅಂದೆ, ತಟ್ಟೆ ಎತ್ತಿಟ್ಟೇ ಬಿಟ್ಟರು. ಎರಡನೇ ಸಲ ಕೇಳಲೇ ಇಲ್ಲ. ಅಂಗಡಿಗೆ ಹೋಗೋಣ ಅಂದರೆ ಭಾನುವಾರ ಎಲ್ಲ ಬಂದ್.

ಬೇರೆ ರೂಮ್ ಹುಡುಕಲಾ? ಅಮ್ಮನಿಗೆ ಹೇಳಿದರೆ ವಾಪಸ್ ಬಾ ಅಂತಾರೆ.

ಕಣದ ಕಾಫಿ

ತಂಗಿ, ವಾಸನೆಗಲ್ಲ. ನಾನು ಎರಡು ವರ್ಷ ಅಲ್ಲೇ ಇದ್ದೆ. ಆ ಕಿಟಕಿ ತೆಗೆಯೋದಕ್ಕೆ ಅವರ ಭಾಷೆಯಲ್ಲಿ ಬೇರೆ ಪದವೇ ಇದೆ, ಲ್ಯೂಫ್ಟನ್ ಅಂತ. ಅವರ ಮನೆಗಳು ಗಾಳಿ ಆಡದ ಹಾಗೆ ಬಿಗಿಯಾಗಿರುತ್ತವೆ. ನಾವು ಉಸಿರಾಡಿದ್ದು, ಸ್ನಾನದ ಹಬೆ, ಒದ್ದೆ ಟವೆಲ್ಲು, ಆ ತೇವ ಎಲ್ಲ ಒಳಗೇ ಉಳಿದು ತಣ್ಣನೆ ಗೋಡೆಗೆ ಕೂರುತ್ತದೆ, ಆಮೇಲೆ ಬೂಷ್ಟು. ಬೆಳಗ್ಗೆ ಎದ್ದಾಗ ಗಾಜಿನ ಮೇಲೆ ನೀರಿನ ಹನಿ ಇರುತ್ತದಾ ನೋಡಿ. ಇದ್ದರೆ ಅದೇ ಕಾರಣ.

ಹಿಡಿ ಅಡ್ಡಕ್ಕೆ ತಿರುಗಿಸಿದರೆ ಕಿಟಕಿ ಪೂರ್ತಿ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಚಳಿಗಾಲದಲ್ಲಿ ವಾಲಿಸಿ ಇಡೀ ದಿನ ಬಿಡಬೇಡಿ, ಗೋಡೆ ತಣ್ಣಗಾಗಿ ಇನ್ನೂ ಕೆಡುತ್ತದೆ. ಹೀಟರ್ ಆಫ್ ಮಾಡಿ, ಐದರಿಂದ ಹತ್ತು ನಿಮಿಷ ಪೂರ್ತಿ ತೆಗೆದು ಮುಚ್ಚಿಬಿಡಿ. ಅವರು ಬಾಗಿಲು ತಟ್ಟುವ ಮೊದಲೇ ನೀವೇ ಮಾಡಿ.

ಇನ್ನೊಂದು. ಅಮ್ಮ ಬೆಳಗ್ಗೆ ಐದೂವರೆಗೆ ಎದ್ದು ಫೋನ್ ಮಾಡಿದರೆ ಅಲ್ಲಿ ಈಗ ರಾತ್ರಿ ಒಂದು ಗಂಟೆ. ನಮ್ಮ ಕಡೆ ಕಣದ ಮೂಲೆಯಲ್ಲಿ ನಿಂತು ನೆಟ್‌ವರ್ಕ್‌ಗೆ ಕೂಗಿ ಕೂಗಿ ಅಭ್ಯಾಸ ಅಲ್ವಾ, ನಾವೂ ಹಾಗೇ ಕೂಗುತ್ತೇವೆ. ಹತ್ತರ ಮೇಲೆ ಅಲ್ಲಿ ಸದ್ದು ಮಾಡುವ ಹಾಗಿಲ್ಲ. ನನಗೆ ಬೈಸಿಕೊಂಡ ಮೇಲೆ ಗೊತ್ತಾಗಿದ್ದು.

ಮಳೆ ಸಾಕಪ್ಪ

ಬೂಷ್ಟೋ ಗೀಷ್ಟೋ, ಬಾಡಿಗೆ ಕೊಟ್ಟ ರೂಮಿಗೆ ದಿನಾ ನುಗ್ಗೋದು ಸರಿಯಲ್ಲ. ನೇರ ಹೇಳಿ.

ಗೋಣಿಕೊಪ್ಪ ಆಂಟಿ

ನುಗ್ಗಿಲ್ಲವಲ್ಲಪ್ಪ, ಬಾಗಿಲು ತಟ್ಟಿ ಬಂದಿದ್ದಾರೆ. ಆದರೂ ನೀನು ಹೇಳಿದ್ದು ಅರ್ಧ ಸರಿ.

ಮಗಳೇ, ನಾನು ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವವಳು, ಆ ಮನೆಯವಳ ಸಂಕಟ ನನಗೆ ಗೊತ್ತು. ಜುಲೈ ಮಳೆಯಲ್ಲಿ ಗೆಸ್ಟುಗಳು ಬಿಸಿನೀರು ಸುರಿದುಕೊಂಡು, ಒದ್ದೆ ಜೀನ್ಸು ಮಂಚದ ಮೇಲೆ ಹಾಸಿ, ಜಿಗಣೆ ಬರುತ್ತದೆ ಅಂತ ಕಿಟಕಿ ಜಡಿದು ಮಲಗುತ್ತಾರೆ. ಅವರು ಹೋದ ಮೇಲೆ ಬೀರು ಹಿಂದಿನ ಗೋಡೆ ಉಜ್ಜುವವಳು ನಾನು. ನಿಮ್ಮ ಮನೆಯಲ್ಲೂ ಆಟಿ ತಿಂಗಳಲ್ಲಿ ಬೆಲ್ಟು, ಚಪ್ಪಲಿಗೆ ಬೆಳ್ಳಗೆ ಬೂಷ್ಟು ಬಂದಿಲ್ವಾ? ಒಲೆ ಮೇಲೆ ಬಟ್ಟೆ ಒಣಗಿಸಿಲ್ವಾ?

ಆದರೆ ಒಂದು ಮಾತು. ಗೆಸ್ಟಿಗೆ ನಾನು ಏನೂ ಹೇಳುವುದಿಲ್ಲ, ನಗುನಗುತ್ತಾ ಕಾಫಿ ಕೊಟ್ಟು ಕಳಿಸುತ್ತೇನೆ. ಬೈಯುವುದು ಮನೆ ಮಕ್ಕಳಿಗೆ. ಅವಳು ನಿನ್ನನ್ನು ಇನ್ನೂ ಗೆಸ್ಟ್ ಮಾಡಿಕೊಂಡಿದ್ದಾಳೆ, ಅದಕ್ಕೇ ಬಾಯಿ ಬಿಡುತ್ತಿಲ್ಲ. ನೀನೇ ಬಾಯಿ ಬಿಡು. ಕೇಕ್ ಬೇಕಿದ್ದರೆ ಬೇಕು ಅನ್ನು. ನಮ್ಮಲ್ಲಿ ಮೂರು ಸಲ ಬೇಡ ಅಂದರೂ ಕಡುಬು ತಟ್ಟೆಗೆ ಬೀಳುತ್ತದೆ, ಅಲ್ಲಿ ಬೇಡ ಅಂದರೆ ಬೇಡ ಅಂತಲೇ.

ಅಂದಹಾಗೆ ಆ ಕಡೆಯ ಜನ ಹಂದಿ ಮಾಂಸ ಬೇಯಿಸಿ ಅದರ ಜೊತೆ ದುಂಡನೆ ಉಂಡೆ ತಿನ್ನುತ್ತಾರೆ, ಕ್ನ್ಯೋಡೆಲ್ ಅಂತೆ. ಅಲ್ಲಿಂದ ಬಂದ ಗೆಸ್ಟೊಬ್ಬರು ನಮ್ಮ ಕಡಂಬುಟ್ಟು (ನುಚ್ಚಕ್ಕಿ ಉಂಡೆ), ಪಂದಿ ಕರಿ (ಹಂದಿ ಸಾರು) ನೋಡಿ ಹೇಳಿದ್ದು. ಒಂದು ದಿನ ಮಾಡಿ ಹಾಕು.

ಕಣದ ಕಾಫಿ

ಮಾಡುವುದಾದರೆ ಏಷ್ಯನ್ ಅಂಗಡಿಯಲ್ಲಿ ನುಚ್ಚಕ್ಕಿ ಸಿಗುತ್ತದೆ. ಮನೆಯಿಂದ ಯಾರಾದರೂ ಬರುವವರಿದ್ದರೆ ಪಂದಿ ಉಪ್ಪಿನಕಾಯಿ, ತುಪ್ಪ ಮಾತ್ರ ಕಳಿಸಬೇಡಿ ಅನ್ನಿ. ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಬ್ಯಾಗಿನಲ್ಲಿ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಹಸಿ ಕರಿಬೇವೂ ಅಷ್ಟೇ.

ನಾಪೋಕ್ಲು ಹುಡುಗಿ

ಕೇಳಿದೆ! ರಾತ್ರಿಯೆಲ್ಲ ಜರ್ಮನ್‌ನಲ್ಲಿ ವಾಕ್ಯ ಬರೆದು ಬಾಯಿಪಾಠ ಮಾಡಿಕೊಂಡು ಹೋಗಿ ಕೇಳಿದೆ, ನನ್ನ ರೂಮ್ ವಾಸನೆ ಬರುತ್ತಾ ಅಂತ. ಆಂಟಿ ಗಾಬರಿ. ನೇರ ನನ್ನ ರೂಮಿಗೆ ಕರೆದುಕೊಂಡು ಹೋಗಿ ಬೀರು ಸ್ವಲ್ಪ ಎಳೆದು ತೋರಿಸಿದರು. ಕೆಳಗೆ ಮೂಲೆಯಲ್ಲಿ ಅಂಗೈ ಅಗಲ ಕಪ್ಪು ಬೂಷ್ಟು. ಹೋದ ವರ್ಷ ಇದ್ದ ಹುಡುಗನ ಕಾಲದ್ದಂತೆ. ತೇವ ಅಳೆಯುವ ಸಣ್ಣ ಮೀಟರ್ ತಂದು ಮೇಜಿನ ಮೇಲೆ ಇಟ್ಟರು, ಶೇಕಡಾ ಎಪ್ಪತ್ತು ತೋರಿಸುತ್ತಿತ್ತು, ಅರವತ್ತು ದಾಟಬಾರದು ಅಂದರು. ಇನ್ನು ಮೇಲೆ ನಾನೇ ತೆಗೆಯುತ್ತೇನೆ ಅಂದೆ, ಸರಿ ಅಂದರು. ಎರಡು ದಿನದಿಂದ ಬಾಗಿಲು ತಟ್ಟಿಲ್ಲ.

ಕೋಳಿ ಸಾರು? ಹೌದು, ವಾಸನೆ ಬಂದಿತ್ತಂತೆ, ಹಜಾರದ ಕೋಟುಗಳಿಗೆಲ್ಲ ಹತ್ತಿತ್ತಂತೆ! ಅಡುಗೆಮನೆ ಬಾಗಿಲು ಮುಚ್ಚಿ ಹುರಿ ಅಂದರು, ಅಷ್ಟೇ. ಶನಿವಾರ ಒಲೆ ನನ್ನದು. ಕಡಂಬುಟ್ಟಿಗೆ ನುಚ್ಚಕ್ಕಿ ಎಷ್ಟು ನೀರು ಹಿಡಿಯುತ್ತದೆ, ಗೋಣಿಕೊಪ್ಪ ಆಂಟಿ?